ಅಕ್ಷರಕ್ಕೂ ಒಂದು ಔಚಿತ್ಯ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪ್ರಾಥಮಿಕ ವಿಭಾಗದ ಕಿರಿಯ ಶಿಕ್ಷಕಿಯೊಬ್ಬರು ಮೂರನೆಯ ತರಗತಿಗೆಂದು ಸಿದ್ಧಪಡಿಸಿದ ಇಂಗ್ಲಿಷ್ ಅಭ್ಯಾಸಪತ್ರವನ್ನು ನನಗೆ ತಂದು ತೋರಿಸಿದರು. ಅಕ್ಷರಗಳು ಮಕ್ಕಳು ಬಳಪ ಹಿಡಿದು ಬರೆದಂತೆ ಗುಂಡಗೆ, ತುಸು ಓರೆಯಾಗಿದ್ದವು. “ಇದು ಪಾಠವೋ, ವ್ಯಂಗ್ಯಚಿತ್ರವೋ?” ಎಂದು ಹಿಂದಿರುಗಿಸಿದೆ. ಆಕೆ ಮರುನುಡಿಯಲಿಲ್ಲ. ಆ ಮಾತಿನ ಋಣವನ್ನು ತೀರಿಸಲೆಂದೇ ಈ ಲೇಖನ.

ಆ ಅಕ್ಷರದ ಹೆಸರು ಕಾಮಿಕ್ ಸ್ಯಾನ್ಸ್. 1994ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿದ್ದ ವಿನ್ಸೆಂಟ್ ಕೊನೇರ್ ಇದನ್ನು ರಚಿಸಿದರು. ಹೊಸಬರಿಗೆ ಗಣಕಯಂತ್ರವನ್ನು ಪರಿಚಯಿಸುವ ತಂತ್ರಾಂಶವೊಂದರಲ್ಲಿ ಚಿತ್ರದ ನಾಯಿಯೊಂದು ಟೈಮ್ಸ್ ನ್ಯೂ ರೋಮನ್ ಎಂಬ ಗಂಭೀರ ಪತ್ರಿಕಾಕ್ಷರದಲ್ಲಿ ಮಾತನಾಡುತ್ತಿತ್ತು. ಅದು ಅಸಂಗತವೆಂದು ಅವರಿಗೆ ತೋರಿತು. ಚಿತ್ರಕಥೆಯ ಪುಸ್ತಕಗಳ ಕೈಬರಹವನ್ನು ನೋಡಿ ಹೊಸ ಅಕ್ಷರ ಬಿಡಿಸಿದರು. ಗಾತ್ರ ಹೊಂದದೆ ಆ ತಂತ್ರಾಂಶದಲ್ಲಿ ಅದಕ್ಕೆ ಸ್ಥಳ ದೊರೆಯಲಿಲ್ಲ. ಆದರೆ ವಿಂಡೋಸ್ 95ರ ಕಾಲದಿಂದ ಅದು ಲೋಕವನ್ನೇ ವ್ಯಾಪಿಸಿತು. 2012ರ ಜುಲೈ 4ರಂದು ಸರ್ನ್ ಸಂಶೋಧನಾಲಯದಲ್ಲಿ ಫಬಿಯೋಲಾ ಜನೊಟ್ಟಿಯವರು ಹಿಗ್ಸ್ ಬೋಸಾನ್ ಶೋಧವನ್ನು ಇದೇ ಅಕ್ಷರದಲ್ಲಿ ನಿರೂಪಿಸಿದಾಗ, ಶೋಧವನ್ನು ಬಿಟ್ಟು ಅಕ್ಷರವನ್ನು ಕಂಡು ನಕ್ಕವರೂ ಉಂಟು. ನಾನೂ ಆ ಗುಂಪಿನವನೇ.

ಅಭ್ಯಾಸಪತ್ರವನ್ನು ಹಿಂದಿರುಗಿಸಿದ ವಾರದೊಳಗೆ, ಅದೇ ತರಗತಿಯ ಬಾಲಕನೊಬ್ಬ ಅಚ್ಚಿನ ಪುಟದ ಮುಂದೆ ತಡವರಿಸಿ ನಿಂತುದನ್ನು ಕಂಡೆ. ಅಚ್ಚಿನ ಸಣ್ಣ ‘ಎ’ ಅಕ್ಷರದ ತಲೆಯ ಕೊಕ್ಕೆ ಅವನನ್ನು ಕಂಗೆಡಿಸಿತ್ತು. ಪಾಟಿಯ ಮೇಲೆ ಅವನು ಕಲಿತದ್ದು ಒಂದು ಸೊನ್ನೆ, ಅದರ ಪಕ್ಕಕ್ಕೊಂದು ಗೀಟು. ಶಿಕ್ಷಕಿಯ ಹಾಳೆಯಲ್ಲಿ ಅಕ್ಷರವು ಹಾಗೆಯೇ ಇತ್ತು. ಅದನ್ನು ಕೊಟ್ಟೊಡನೆ ಹುಡುಗ ಮುಖವರಳಿಸಿ ಓದಿದ. ಓದಲು ತೊಡಕಾಗುವ ಮಕ್ಕಳಿಗೆ ಸಲ್ಲುವ ಅಕ್ಷರಗಳಲ್ಲಿ ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಘವೂ ಇದನ್ನು ಹೆಸರಿಸಿದೆಯೆಂದು ಬಳಿಕ ತಿಳಿದೆ.

ಮರುವರ್ಷ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಶಿವೈಕ್ಯರಾದರು. ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಕಳುಹಿಸಲು ಇಂಗ್ಲಿಷಿನಲ್ಲಿ ಶ್ರದ್ಧಾಂಜಲಿ ಪತ್ರ ಸಿದ್ಧವಾಯಿತು. ನನ್ನ ಪಶ್ಚಾತ್ತಾಪದ ಭರದಲ್ಲಿ, “ಆ ಗುಂಡಕ್ಷರವನ್ನೇ ಬಳಸೋಣವೇ?” ಎಂದು ಆಕೆಯನ್ನು ಕೇಳಿದೆ.

“ಬೇಡಿ ಸರ್, ಅದು ಮಕ್ಕಳ ಜೊತೆ ನೆಲದ ಮೇಲೆ ಕೂತು ಮಾತಾಡೋ ಅಕ್ಷರ. ಇಲ್ಲಿ ನಾವು ಎದ್ದು ನಿಲ್ಲಬೇಕು” ಎಂದರು.

ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ತರಗತಿಯಲ್ಲಿ ವಿವರಿಸುತ್ತ ಬಂದವನು ನಾನು. ಅದನ್ನು ಕಾಯಕದಲ್ಲಿ ಅರಿತವರು ಆಕೆ. ಅಂದು ಆಡಿದ ಮಾತಿಗೆ ಕ್ಷಮೆಯನ್ನು ಆಗಲೇ ಕೇಳಿದೆ. ಈಗ ಈ ಸಂಚಿಕೆಯ ಓದುಗರ ಸಮಕ್ಷಮ ಮತ್ತೊಮ್ಮೆ ಕೇಳುತ್ತೇನೆ.