ಅಳಿವೆ ದಾಟುವ ವಯಸ್ಸು

ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೊರಟುಹೋಗಬೇಕು ಎಂಬ ನಿಯಮವನ್ನು ಟೆಕ್ಸಸ್ಸಿನ ಚಳಿಗೆ ಯಾರೂ ತಿಳಿಸಿಲ್ಲ. ಫೆಬ್ರವರಿಯ ಕೊನೆಗೆ ಹೋದ ಹಾಗೆ ಮಾಡುತ್ತದೆ. ನಾವು ಸ್ವೆಟರು ಮಡಚಿ ಅಟ್ಟಕ್ಕೆ ಹಾಕಿದ ಮರುದಿನವೇ ಉತ್ತರದ ಗಾಳಿಯನ್ನು ಜೊತೆಗೆ ಕಟ್ಟಿಕೊಂಡು ವಾಪಸು ಬರುತ್ತದೆ. ‘ನಾರ್ದರ್’ ಎಂದು ಇಲ್ಲಿಯವರು ಕರೆಯುವ ಈ ಗಾಳಿ ಜೋರಾಗಿ ಬೀಸಿತೋ, ಹಿನ್ನೀರನ್ನೆಲ್ಲ ಕಡಲಿಗೆ ನೂಕಿಬಿಡುತ್ತದೆ. ನಿನ್ನೆ ಮೊಣಕಾಲು ಮುಳುಗುತ್ತಿದ್ದ ಜಾಗದಲ್ಲಿ ಇವತ್ತು ಬರೀ ಕೆಸರು. ಇಂಥ ಬೆಳಿಗ್ಗೆ ಗಾಳ ಹಿಡಿದು ಹೊರಡುವವರು ಎರಡೇ ಬಗೆ: ಹೊಟ್ಟೆಪಾಡಿಗೆ ಬೇರೆ ದಾರಿಯಿಲ್ಲದವರು ಮತ್ತು ಸಾಫ್ಟ್‌ವೇರಿನವರು.

ನನ್ನ ಕಯಾಕ್ 12 ಅಡಿಯ ಪ್ಲಾಸ್ಟಿಕ್ ದೋಣಿ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನ ಸೀಲ್ ಚರ್ಮ ಹೊದಿಸಿ, ಹೊಟ್ಟೆಗಾಗಿ ಬೇಟೆಯಾಡಲು ಕಟ್ಟಿಕೊಂಡಿದ್ದ ದೋಣಿಯ ಶ್ರೀಮಂತ ಮೊಮ್ಮಗ ಇದು. ಇದಕ್ಕೆ ಕಪ್ ಇಡಲು ಜಾಗವಿದೆ, ಗಾಳದ ಕೋಲು ಸಿಕ್ಕಿಸಲು ನಾಲ್ಕು ತೂತುಗಳಿವೆ, ನೀರಿನಡಿ ಮೀನಿದ್ದರೆ ತೋರಿಸುವ ಪರದೆಯಿದೆ. ಪರದೆಯಲ್ಲಿ ಇವತ್ತು ನೆಲ ಕಾಣುತ್ತಿತ್ತು. ಅದು ಪರದೆಯಿಲ್ಲದೆಯೂ ಕಾಣುತ್ತಿತ್ತು.

ಹ್ಯೂಸ್ಟನ್ನಿನಿಂದ ದಕ್ಷಿಣಕ್ಕೆ ಹೋದರೆ ಫಾಲೆಟ್ಸ್ ದ್ವೀಪದ ಬೆನ್ನಿಗೆ ಕ್ರಿಸ್‌ಮಸ್ ಬೇ ಎಂಬ ತೆಳುನೀರಿನ ಕೊಲ್ಲಿಯಿದೆ. ಎಲ್ಲೆಲ್ಲೂ ಆಯ್‌ಸ್ಟರ್ ಚಿಪ್ಪಿನ ದಿಬ್ಬ. ಇಳಿತದಲ್ಲಿ ದೋಣಿಯ ತಳಕ್ಕೆ ಅವು ತಾಗಿ ಕರಕರ ಎಂದಾಗ ಕೊಟ್ಟ ದುಡ್ಡೇ ಸವೆಯುವ ಸದ್ದು ಕೇಳಿಸುತ್ತದೆ. ನಾನು ಇಲ್ಲಿಗೆ ಬರುವುದು ರೆಡ್‌ಫಿಶ್ ಎಂಬ ತಾಮ್ರ ಬಣ್ಣದ ಮೀನಿಗಾಗಿ. ನಮ್ಮ ಕರಾವಳಿಯ ಕಲ್ಲೂರು ಮೀನಿನ ಕುಲದ್ದೇ ಇದು. ಬಾಲದ ಬುಡದಲ್ಲಿ ಕಣ್ಣಿನಂಥ ಒಂದು ಕಪ್ಪು ಬೊಟ್ಟು. ಮೀನು ಶೀತರಕ್ತದ ಪ್ರಾಣಿ; ನೀರು ತಣ್ಣಗಾದರೆ ಅದಕ್ಕೆ ಹಸಿವೂ ತಣ್ಣಗಾಗುತ್ತದೆ. ಹಾಗಾಗಿ ರಬ್ಬರ್ ಸಿಗಡಿಯನ್ನು ನೆಲಕ್ಕೆ ತಾಗಿಸಿ, ಒಂದು ಗೇಣು ಎಳೆದು, ಸಂಸಾರದ ಚಿಂತೆಯನ್ನೆಲ್ಲ ಒಂದು ಸುತ್ತು ಮುಗಿಸಿ, ಮತ್ತೆ ಒಂದು ಗೇಣು ಎಳೆಯಬೇಕು. 2021ರ ಫೆಬ್ರವರಿಯ ಹಿಮಚಳಿಯಲ್ಲಿ ಈ ರಾಜ್ಯದ ಕರಾವಳಿಯುದ್ದಕ್ಕೂ ಕನಿಷ್ಠ 38 ಲಕ್ಷ ಮೀನುಗಳು ಸತ್ತವು ಎಂದು ಸರ್ಕಾರವೇ ಲೆಕ್ಕ ಹಾಕಿತ್ತು. ಅದನ್ನು ನೆನೆದರೆ, ಇವತ್ತು ಬರೀ ಮುನಿಸಿಕೊಂಡಿರುವ ಮೀನಿನ ಮೇಲೆ ಬೇಸರ ಮಾಡಿಕೊಳ್ಳಲು ಮನಸ್ಸಾಗುವುದಿಲ್ಲ.

ಅಂಗಡಿಯಿಂದ ಕೊಂಡೊಯ್ದು ‘ಹಿಡಿದೆ’ ಎನ್ನೋಣವೆಂದರೆ ಅದೂ ಸಾಧ್ಯವಿಲ್ಲ. ಇಲ್ಲಿಯ ಕಾಡು ರೆಡ್‌ಫಿಶ್ ಮಾರುವುದನ್ನು ಟೆಕ್ಸಸ್ 1981ರಲ್ಲೇ ನಿಷೇಧಿಸಿತು. ಆ ದಶಕದಲ್ಲೇ ನ್ಯೂ ಆರ್ಲಿಯನ್ಸ್‌ನ ಪಾಲ್ ಪ್ರೂಡಮ್ ಎಂಬ ಬಾಣಸಿಗ ಇದಕ್ಕೆ ಖಾರ ಹಚ್ಚಿ, ಕಾದ ಕಬ್ಬಿಣದ ಕಾವಲಿಯಲ್ಲಿ ಕರ್ರಗೆ ಸುಟ್ಟು ಬಡಿಸಿದ್ದೇ ತಡ, ಅಮೆರಿಕಕ್ಕೆ ಅಮೆರಿಕವೇ ಹುಚ್ಚಾಗಿ ಮೀನಿನ ಸಂತಾನಕ್ಕೇ ಕುತ್ತು ಬಂತು. ಕುಂದಾಪುರದ ಯಾವ ಹೆಂಗಸೂ ಇದನ್ನೊಂದು ಸಂಶೋಧನೆ ಎಂದು ಒಪ್ಪಲಾರಳು.

ಹಿಡಿದು ಒಯ್ಯುವುದಕ್ಕೂ ಅಳತೆಯಿದೆ. 20 ಇಂಚಿಗಿಂತ ಚಿಕ್ಕದನ್ನು ಬಿಡಬೇಕು, 28 ಇಂಚಿಗಿಂತ ದೊಡ್ಡದನ್ನೂ ಬಿಡಬೇಕು (ಲೈಸೆನ್ಸಿನ ಜೊತೆಗೆ ಬರುವ ವಿಶೇಷ ಚೀಟಿ ಕಟ್ಟಿದರೆ ಮಾತು ಬೇರೆ). ಕಾರಣ ಸರಳ. ಅಳಿವೆಯ ಬಾಯಲ್ಲಿ ಹುಟ್ಟಿದ ಮರಿ ಉಬ್ಬರದೊಡನೆ ತೇಲಿ ಕೊಲ್ಲಿಯೊಳಗೆ ಬರುತ್ತದೆ. ಮೂರು ನಾಲ್ಕು ವರ್ಷ ಇಲ್ಲೇ ಹುಲ್ಲಿನ ನಡುವೆ ಏಡಿ, ಸಿಗಡಿ ತಿಂದು ಬೆಳೆಯುತ್ತದೆ. 28 ಇಂಚಿನ ಆಸುಪಾಸಿಗೆ ಬಂತೆಂದರೆ ಸ್ಯಾನ್ ಲೂಯಿಸ್ ಪಾಸ್‌ನಂಥ ಅಳಿವೆ ದಾಟಿ ಕಡಲಿಗೆ. ಅಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಬದುಕಬಲ್ಲದು. ಮರಳಿ ಕೊಲ್ಲಿಯೊಳಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಶರತ್ಕಾಲದಲ್ಲಿ ಮೊಟ್ಟೆಯಿಡಲು ಅಳಿವೆಯ ಬಾಯಿಯವರೆಗೆ ಬಂದು, ಹಾಗೇ ತಿರುಗಿ ಹೋಗುತ್ತದೆ.

ಇದನ್ನು ಓದಿದ ದಿನ ನನಗೆ ಯಾಕೋ ಊಟ ಸೇರಲಿಲ್ಲ. ಆಸ್ಟಿನ್ನಿನಲ್ಲಿ ಓದುವ ಮಗಳು ಥ್ಯಾಂಕ್ಸ್‌ಗಿವಿಂಗಿಗೆ ಬಟ್ಟೆಯ ಮೂಟೆ ಹೊತ್ತು ಬರುತ್ತಾಳೆ. ಬಟ್ಟೆ ಒಣಗುವಷ್ಟು ಹೊತ್ತು ಇರುತ್ತಾಳೆ. ಅವಳನ್ನಾದರೂ ಏನೆನ್ನುವುದು? ಐದು ನದಿ ಸೇರಿ ಕಡಲಿಗಿಳಿಯುವ ಗಂಗೊಳ್ಳಿಯ ಅಳಿವೆಯನ್ನು ನಾನೂ ಎಂಜಿನಿಯರಿಂಗ್ ಮುಗಿಸಿ 28 ಇಂಚು ತುಂಬಿದ ಕೂಡಲೇ ದಾಟಿದವನೇ. ಹಿಡಿಯುವುದಿದ್ದರೆ ಅದಕ್ಕೂ ಮೊದಲೇ ಹಿಡಿಯಬೇಕಿತ್ತು. ಅಪ್ಪ ಗಾಳ ಹಾಕಲಿಲ್ಲ.

ಎಂಟೂವರೆಯ ಹೊತ್ತಿಗೆ ಒಂದು ಮೀನು, ನಿದ್ದೆಗಣ್ಣಿನಲ್ಲಿ ಎಂಬಂತೆ, ಸಿಗಡಿಯನ್ನು ಬಾಯಿಗೆ ಹಾಕಿಕೊಂಡಿತು. ಹಲಗೆಯ ಮೇಲೆ ಮೂಗು ಒತ್ತಿ ಮಲಗಿಸಿ, ಬಾಲ ಹಿಂಡಿ ಅಳೆದೆ. ಬಾಲ ಹಿಂಡುವುದು ಮೋಸವಲ್ಲ, ಕಾನೂನೇ ಹೇಳುವ ಕ್ರಮ. ಹಿಂಡಿದರೂ ಹತ್ತೊಂಬತ್ತೂವರೆ. ಕಿವಿರು ತೆರೆದು ಮುಚ್ಚುತ್ತ ಅದು ನನ್ನನ್ನೇ ನೋಡುತ್ತಿತ್ತು. ಬಾಲದ ಬೊಟ್ಟೂ ನೋಡುತ್ತಿತ್ತು. ಬಿಟ್ಟೆ.

ಆಚೆ ಬಿಳಿ ಹೆಜ್ಜಾರ್ಲೆಗಳ ಹಿಂಡೊಂದು ಅರ್ಧಚಂದ್ರಾಕಾರವಾಗಿ ಸಾಲುಗಟ್ಟಿ, ಮೀನನ್ನು ದಡದ ಕಡೆಗೆ ಅಟ್ಟುತ್ತಿತ್ತು, ಥೇಟ್ ನಮ್ಮೂರ ಕೈರಂಪಣಿ ಬಲೆಯವರ ಹಾಗೆ. ಅವುಗಳಿಗೆ ಲೈಸೆನ್ಸೂ ಇಲ್ಲ, ಅಳತೆಯೂ ಇಲ್ಲ. ಹೊಟ್ಟೆ ಉರಿಯಿತು.

ಒಂಬತ್ತಕ್ಕೆ ಅಮ್ಮನ ಫೋನು. ಅಲ್ಲಿ ರಾತ್ರಿ ಎಂಟೂವರೆ.

“ಮೀನ್ ಸಿಕ್ತಾ?”

“ಒಂದು ಸಿಕ್ಕಿತ್ತು, ಚಿಕ್ಕದು. ಬಿಟ್ಟುಬಿಟ್ಟೆ.”

“ದುಡ್ಡ್ ಕೊಟ್ಟ್ ಹಿಡೂಕ್ ಹೋಪ್ದ್, ಸಿಕ್ಕದ್ದನ್ನ್ ಬಿಡುದ್! ಹೋಯ್ಲಿ, ನೀ ಯಾವಾಗ್ ಬಪ್ದ್?”

“ನವೆಂಬರಿನಲ್ಲಿ. ಎರಡು ವಾರ.”

“ಅದ್ರಗೊಂದ್ ವಾರ ಬೆಂಗ್ಳೂರಗೇ ಹೋತ್ತ್” ಎಂದ ಅಮ್ಮ, ಮುಂದಿನ ಉಸಿರಿಗೇ ಬಂಗುಡೆಯ ರೇಟಿಗೆ ಬಂದಳು. ಭಯಂಕರ ಏರಿದೆಯಂತೆ.