ಮತ್ತೆ ಮತ್ತೆ ದೇವರಮನೆ

ಮೂಡಿಗೆರೆಯಿಂದ ಗುತ್ತಿ ಗ್ರಾಮದ ಕಡೆಗೆ ಹೊರಟ ರಸ್ತೆ ಕಾಫಿ ತೋಟಗಳ ನೆರಳನ್ನು ದಾಟಿ, ಏರುತ್ತ ಬಳುಕುತ್ತ ಸಾಗುತ್ತದೆ. ಸಿಲ್ವರ್ ಓಕ್ ಮರಗಳೂ ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳೂ ಹಿಂದೆ ಸರಿದಂತೆ ಕಣ್ಣೆದುರು ಒಮ್ಮೆಲೇ ಆಕಾಶ ತೆರೆದುಕೊಳ್ಳುತ್ತದೆ. ಸುತ್ತ ಹುಲ್ಲು ಹೊದ್ದ ಗುಡ್ಡಗಳು, ಗುಡ್ಡಗಳ ಮಡಿಕೆಯಲ್ಲಿ ಕಪ್ಪಗೆ ಕಾಣುವ ಕಾಡು, ನಡುವೆ ಒಂದು ಪುಟ್ಟ ಕೆರೆ, ಅದರ ಬಳಿ ಕಾಲಭೈರವೇಶ್ವರನ ಹಳೆಯ ಗುಡಿ. ಇದೇ ದೇವರಮನೆ. ಊರಿನ ಹೆಸರೇ ಹೇಳುವಂತೆ ಇದು ಮೊದಲು ದೇವರ ಜಾಗ. ಪ್ರವಾಸಿ ತಾಣವಾದದ್ದು ಆಮೇಲೆ.

ಭಾನುವಾರ ಇಲ್ಲಿಗೆ ಬರುವವರನ್ನು ಗಮನಿಸಿದರೆ ಎರಡು ಬಗೆಯ ಜನ ಕಾಣುತ್ತಾರೆ. ಒಂದು ಬಗೆಯವರು ಸುಮಾರು 250 ಕಿಲೋಮೀಟರು ದೂರದ ಬೆಂಗಳೂರಿನಿಂದಲೋ ಇನ್ನೂ ದೂರದಿಂದಲೋ ಬಂದವರು. ಅವರಿಗೆ ಇವತ್ತೇ ಎಲ್ಲವನ್ನೂ ನೋಡಿ ಮುಗಿಸಬೇಕು. ಮಂಜು ಕವಿದಿದ್ದರೆ 'ಏನೂ ಕಾಣಲಿಲ್ಲ' ಎಂದು ಬೇಸರ. ಬಿಸಿಲಿದ್ದರೆ 'ಮಂಜೇ ಇರಲಿಲ್ಲ' ಎಂದು ನಿರಾಸೆ. ಇನ್ನೊಂದು ಬಗೆಯವರು ಮೂಡಿಗೆರೆ, ಬಣಕಲ್, ಗೋಣಿಬೀಡು ಕಡೆಯ ಗಂಡ ಹೆಂಡಿರು. ಮೇಷ್ಟ್ರೋ, ಬ್ಯಾಂಕಿನ ನೌಕರರೋ, ನಾಲ್ಕೆಕರೆ ತೋಟದವರೋ ಇರಬಹುದು. ಬಿಡುವಾದಾಗ ಸ್ಕೂಟರ್ ಏರಿ ಬರುತ್ತಾರೆ, ಕೆರೆಯ ಏರಿಯ ಮೇಲೆ ಅರ್ಧ ಗಂಟೆ ಕುಳಿತು ಫ್ಲಾಸ್ಕಿನ ಕಾಫಿ ಕುಡಿಯುತ್ತಾರೆ, ಭೈರವನಿಗೆ ಕೈಮುಗಿದು ಹೊರಟುಬಿಡುತ್ತಾರೆ. ಗುಡ್ಡ ಹತ್ತಲೇಬೇಕೆಂಬ ಹಟವಿಲ್ಲ, ಫೋಟೋ ತೆಗೆಯುವ ಆತುರವಿಲ್ಲ. ಇವತ್ತು ಕಾಣದ್ದು ಬರುವ ವಾರ ಕಂಡೀತು ಎಂಬ ನೆಮ್ಮದಿ ಅವರದು.

ಈ ನೆಮ್ಮದಿ ಎಲ್ಲಿಂದ ಬರುತ್ತದೆ ಎಂಬುದು ಯೋಚಿಸಬೇಕಾದ ವಿಷಯ.

ವರ್ಷದ ಪಾಸಿನ ಗುಟ್ಟು

ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ಮನರಂಜನಾ ಪಾರ್ಕಿಗೆ ಮಕ್ಕಳನ್ನು ಕರೆದೊಯ್ದ ತಂದೆ ತಾಯಿಯರಿಗೆ ಒಂದು ಅನುಭವ ಚೆನ್ನಾಗಿ ಗೊತ್ತು. ಟಿಕೇಟಿಗೆ ಕೊಟ್ಟ ಹಣ ವಸೂಲಾಗಬೇಕು. ಆದ್ದರಿಂದ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಂತು, ಒಂದು ಆಟದಿಂದ ಇನ್ನೊಂದಕ್ಕೆ ಓಡಿ, ಸಂಜೆ ಹೊತ್ತಿಗೆ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಬಳಲಿರುತ್ತಾರೆ. ವರ್ಷಕ್ಕೊಮ್ಮೆ ಹೋಗುವವರ ಪಾಡು ಎಲ್ಲೆಡೆಯೂ ಇದೇ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1955ರ ಜುಲೈ 17ರಂದು ಆರಂಭವಾದ ಡಿಸ್ನಿಲ್ಯಾಂಡ್ ಇದಕ್ಕೊಂದು ಉಪಾಯ ಮಾಡಿತು. 1980ರ ದಶಕದಲ್ಲಿ ಅದು ವರ್ಷದ ಪಾಸು ಕೊಡತೊಡಗಿತು. ಒಮ್ಮೆ ಹಣ ಕಟ್ಟಿದರೆ ವರ್ಷವಿಡೀ ಹೋಗಿ ಬರಬಹುದು. ಇದನ್ನು ಬಹಳವಾಗಿ ಬಳಸಿಕೊಂಡವರು ಸುತ್ತಲ ಊರುಗಳ ಜನ. ಕೆಲಸ ಮುಗಿಸಿ ಸಂಜೆ ಜೋಡಿಯಾಗಿ ಹೋಗುವುದು, ಇಷ್ಟವಾದ ಒಂದೇ ಆಟ ಆಡುವುದು, ಬಾಣಬಿರುಸು ನೋಡಿ ಮನೆಗೆ ಮರಳುವುದು ಅಂಥ ದಂಪತಿಗಳ ರೂಢಿಯಾಯಿತು. ದೂರದವರಿಗೆ ಅದು ಜೀವಮಾನದ ಯಾತ್ರೆ. ಹತ್ತಿರದವರಿಗೆ ಸಂಜೆಯ ವಾಯುವಿಹಾರ.

ಆದರೆ ಪಾಸು ಇದ್ದವರೆಲ್ಲ ಒಟ್ಟಿಗೆ ಬಂದರೆ ಜಾಗ ಸಾಲದು. ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿದ್ದ ಆ ಪಾರ್ಕು 2021ರ ಜನವರಿಯಲ್ಲಿ ಹಳೆಯ ಪಾಸನ್ನು ರದ್ದು ಮಾಡಿ, ಅದೇ ಆಗಸ್ಟಿನಲ್ಲಿ ಹೊಸ ಹೆಸರಿನ ಪಾಸನ್ನು ತಂದಿತು. ಇದರಲ್ಲಿ ದಿನವನ್ನು ಮುಂಚಿತವಾಗಿ ಕಾದಿರಿಸಬೇಕು. ಕಡಿಮೆ ಬೆಲೆಯ ಪಾಸಿನವರಿಗೆ ಜನ ಹೆಚ್ಚು ಸೇರುವ ದಿನಗಳಲ್ಲಿ ಪ್ರವೇಶವಿಲ್ಲ. ಯಂತ್ರಗಳಿಂದ ಕಟ್ಟಿದ ಜಾಗಕ್ಕೂ ತಾಳಿಕೆಯ ಮಿತಿಯೊಂದಿದೆ ಎಂಬುದನ್ನು ಅದರ ಒಡೆಯರೇ ಒಪ್ಪಿಕೊಂಡಂತಾಯಿತು.

ದೇವರಮನೆಯಲ್ಲಿ ತಿರುಗುವ ಚಕ್ರಗಳಿಲ್ಲ, ಬಾಣಬಿರುಸಿಲ್ಲ. ಆದರೂ ಮೂಡಿಗೆರೆ ಸೀಮೆಯ ಜನರ ಜೇಬಿನಲ್ಲಿ ಕಾಣದ ಪಾಸೊಂದಿದೆ. ಹತ್ತಿರದಲ್ಲಿರುವುದೇ ಆ ಪಾಸು.

ಒಂದೇ ಗುಡ್ಡ, ಹಲವು ಮುಖ

ಮತ್ತೆ ಮತ್ತೆ ಹೋಗುವವರಿಗೆ ಏನು ಸಿಗುತ್ತದೆ? ಇದಕ್ಕೆ ಉತ್ತರ ತಿಳಿಯಬೇಕಾದರೆ ವರ್ಷದ ಒಂದು ಸುತ್ತು ಇಲ್ಲಿ ಕಳೆಯಬೇಕು.

ಮಾರ್ಚ್, ಏಪ್ರಿಲಿನಲ್ಲಿ ಗುಡ್ಡದ ಹುಲ್ಲು ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಒಂದು ಬೆಂಕಿಕಡ್ಡಿ ಸಾಕು, ಇಡೀ ಗುಡ್ಡ ಕರಕಲಾಗಲು. ಈ ದಿನಗಳಲ್ಲಿಯೇ ದಾರಿಯ ತೋಟಗಳಿಗೆ ಹೂಮಳೆ ಬೀಳುತ್ತದೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಗಿಡಗಳು ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ಹೋಲುವ ಪರಿಮಳ ರಸ್ತೆಗೂ ಹರಡುತ್ತದೆ. ಆ ಬಿಳುಪು ಉಳಿಯುವುದು ಎರಡು ಮೂರು ದಿನ ಮಾತ್ರ. ದೂರದಿಂದ ತಾರೀಖು ಗೊತ್ತುಮಾಡಿಕೊಂಡು ಬರುವವರಿಗೆ ಅದು ಸಿಕ್ಕರೆ ಅದೃಷ್ಟ. ಮಳೆ ಬಿದ್ದ ದಿನವನ್ನು ಎಣಿಸುತ್ತ ಕುಳಿತ ಊರಿನವರಿಗೆ ತಪ್ಪುವುದಿಲ್ಲ.

ಜೂನಿನಲ್ಲಿ ಮುಂಗಾರು ಬರುತ್ತದೆ. ಅರಬ್ಬಿ ಸಮುದ್ರದಿಂದ ಬೀಸುವ ತೇವದ ಗಾಳಿಗೆ ಪಶ್ಚಿಮ ಘಟ್ಟ ಗೋಡೆಯಂತೆ ಅಡ್ಡ ನಿಂತಿದೆ. ಗೋಡೆ ಹತ್ತುವ ಗಾಳಿ ಮೇಲೇರಿದಂತೆ ತಣ್ಣಗಾಗುತ್ತದೆ; ತಣ್ಣಗಾದ ಗಾಳಿ ತನ್ನಲ್ಲಿದ್ದ ನೀರಾವಿಯನ್ನು ಹನಿಯಾಗಿ ಬಿಡುತ್ತದೆ. ಪ್ರವಾಸಿಗಳು ಬೆರಗಾಗುವ ದೇವರಮನೆಯ ಮಂಜು ಎಂದರೆ ನೆಲಕ್ಕಿಳಿದ ಈ ಮೋಡವೇ. ಪುನರ್ವಸು, ಪುಷ್ಯ ಮಳೆಯ ಕಾಲದಲ್ಲಿ ಗುಡಿಯ ಮುಂದೆ ನಿಂತವರಿಗೆ ಕೆರೆ ಕಾಣದು. ಆಗ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಘಟ್ಟದ ತೊರೆಗಳ ಬದಿಯಲ್ಲಿ ವಾಸಿಸುವ ಸಿಳ್ಳಾರ ಹಕ್ಕಿ ಇದೇ ಕಾಲದಲ್ಲಿ ಹಾಡುತ್ತದೆ. ಶಾಲೆಗೆ ಹೋಗುವ ಹುಡುಗ ದಾರಿ ಮರೆತು ತನ್ನ ಪಾಡಿಗೆ ಸಿಳ್ಳೆ ಹೊಡೆದಂತಿರುವ ಅದರ ದನಿಯನ್ನು ಒಮ್ಮೆ ಕೇಳಿದ ಮಕ್ಕಳು ಮರೆಯುವುದಿಲ್ಲ.

ಮಳೆ ಇಳಿದ ಸೆಪ್ಟೆಂಬರಿನಲ್ಲಿ ಹುಲ್ಲಿನ ನಡುವೆ ಕರ್ಣಕುಂಡಲದ ಜಾತಿಗೆ ಸೇರಿದ ಪುಟ್ಟ ಹೂಗಳು ಕಾಣುತ್ತವೆ. ನವೆಂಬರಿನಿಂದ ಕಾಫಿ ಕೊಯ್ಲು. ಜಿಲ್ಲೆಯ ಬೆಟ್ಟಗಳಲ್ಲಿ ನೀಲಕುರಿಂಜಿಯದು ಇನ್ನೂ ದೊಡ್ಡ ಲೆಕ್ಕ. ಅದಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಹಬ್ಬ. 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಅದು ಅರಳಿದಾಗ ಜನ ಸಾಲುಗಟ್ಟಿ ಹೋದರು. ಅರಳಿದ ವರ್ಷ ಎಲ್ಲರಿಗೂ ಗೊತ್ತು. ಅರಳದ ಹನ್ನೊಂದು ವರ್ಷವೂ ಆ ಗಿಡ ಅಲ್ಲಿಯೇ ಇರುತ್ತದೆ ಎಂಬುದು ಆಗಾಗ ಹೋಗುವವರಿಗೆ ಮಾತ್ರ ಗೊತ್ತು.

ಮಳೆಯ ಹನಿ ಹಂಚಿಹೋಗುವಲ್ಲಿ

ಭೂಗೋಳದ ಪಾಠ ಓದುವ ವಿದ್ಯಾರ್ಥಿಗಳಿಗೆ ಈ ಘಟ್ಟದ ಅಂಚು ಒಂದು ಪ್ರಯೋಗಶಾಲೆ. ನೆತ್ತಿಯ ಪಶ್ಚಿಮಕ್ಕೆ ಬಿದ್ದ ನೀರು ಕಡಿದಾದ ಕಣಿವೆಗಳಲ್ಲಿ ಧುಮುಕಿ ದಕ್ಷಿಣ ಕನ್ನಡದ ನೇತ್ರಾವತಿಯನ್ನು ಕೂಡಿ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೇಮಾವತಿಗೆ. ಅಲ್ಲಿಂದ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ, ಕಡೆಗೆ ಬಂಗಾಳ ಕೊಲ್ಲಿಗೆ. ಹೇಮಾವತಿ ಹುಟ್ಟುವುದು ಇದೇ ಮೂಡಿಗೆರೆ ತಾಲ್ಲೂಕಿನಲ್ಲಿ.

ಈ ನೀರನ್ನು ಹಿಡಿದಿಡುವುದು ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು. ಬೋಳುಗುಡ್ಡ ಎಂದರೆ ಬರಡು ಎಂದು ತಿಳಿಯಬಾರದು. ಹುಲ್ಲಿನ ಬೇರುಗಳ ಹೆಣಿಗೆ ಮಳೆಯ ರಭಸವನ್ನು ತಡೆದು ನೀರನ್ನು ಮಣ್ಣಿಗಿಳಿಸುತ್ತದೆ. ಆ ನೀರು ಕಾಡಿನ ಬುಡದಲ್ಲಿ ನಿಧಾನವಾಗಿ ಜಿನುಗಿ ಬೇಸಿಗೆಯಲ್ಲಿಯೂ ತೊರೆಗಳನ್ನು ಜೀವಂತವಾಗಿಡುತ್ತದೆ. ಜೀಪಿನ ಚಕ್ರ ಹುಲ್ಲನ್ನು ಹರಿದ ಕಡೆ ಮೊದಲ ಮಳೆಗೆ ಕೆಂಪು ಗೀರು ಏಳುತ್ತದೆ. ಮುಂದೆ ಅದೇ ಕೊರಕಲಾಗುತ್ತದೆ. 2019ರ ಆಗಸ್ಟಿನ ಮಹಾಮಳೆಯಲ್ಲಿ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳು ಜಾರಿ ಮನೆ, ತೋಟಗಳನ್ನು ನುಂಗಿದವು. ಚಾರ್ಮಾಡಿ ಘಾಟಿ ಹಲವೆಡೆ ಕುಸಿಯಿತು. ಎಷ್ಟು ಗಟ್ಟಿಯೆಂದು ಕಂಡರೂ ಈ ಬೆಟ್ಟಗಳು ಎಷ್ಟು ನಾಜೂಕು ಎಂಬುದನ್ನು ಆ ವರ್ಷ ತೋರಿಸಿತು.

ಸುತ್ತಲನ್ನೇ ಸುತ್ತಿದ ಜೋಡಿ

ಹತ್ತಿರದ ಜಾಗವನ್ನೇ ಮತ್ತೆ ಮತ್ತೆ ನೋಡಿ ಏನು ಗಳಿಸಬಹುದು ಎಂಬುದಕ್ಕೆ ಮೂಡಿಗೆರೆಯಲ್ಲೇ ದೊಡ್ಡ ನಿದರ್ಶನವಿದೆ. ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಓದು ಮುಗಿಸಿ, ನಗರದ ನೌಕರಿ ಅರಸದೆ ಈ ತಾಲ್ಲೂಕಿಗೆ ಬಂದು ಕಾಫಿ ಬೆಳೆಗಾರರಾದರು. 1966ರಲ್ಲಿ ಅವರನ್ನು ವಿವಾಹವಾದ ರಾಜೇಶ್ವರಿ ಬೆಂಗಳೂರಿನ ಪರಿಸರದಿಂದ ಮಲೆನಾಡಿಗೆ ಬಂದವರು. ತೇಜಸ್ವಿ 2007ರಲ್ಲಿ ತೀರಿಕೊಳ್ಳುವವರೆಗೆ ಇಬ್ಬರ ಬಾಳುವೆ ಇಲ್ಲಿಯೇ ನಡೆಯಿತು. ಅವರ ಮನೆಯ ಹೆಸರು 'ನಿರುತ್ತರ'.

ತೇಜಸ್ವಿಯವರ ಹಕ್ಕಿ, ಮೀನು, ಕೀಟ, ಕಾಡಿನ ಜನ ಎಲ್ಲರೂ ತೋಟದ ಆಸುಪಾಸಿನಲ್ಲಿ ಸಿಕ್ಕವರೇ. 1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿಯೂ ಹಳ್ಳಿಗರೂ ಕೂಡಿ ಹುಡುಕಿ ಹೋಗುವ ಹಾರುವ ಓತಿ ಈ ಘಟ್ಟದ ಕಾಡುಗಳ ಜೀವಿಯೇ. ರಾಜೇಶ್ವರಿಯವರು ತಮ್ಮಿಬ್ಬರ ಬದುಕನ್ನು 'ನನ್ನ ತೇಜಸ್ವಿ'ಯಲ್ಲಿ ದಾಖಲಿಸಿದರು. 2021ರಲ್ಲಿ ಅವರೂ ತೀರಿಕೊಂಡರು. ಒಂದು ತಾಲ್ಲೂಕನ್ನು ಬಿಡದೆ ನೋಡಿದರೆ ಒಂದು ಜಗತ್ತೇ ಸಿಗುತ್ತದೆ ಎಂಬುದಕ್ಕೆ ಆ ದಂಪತಿಯ ಪುಸ್ತಕಗಳು ಸಾಕ್ಷಿ.

ಇಂಗ್ಲೆಂಡಿನಲ್ಲಿಯೂ ಇಂಥವರೊಬ್ಬರಿದ್ದರು. ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಸೆಲ್ಬರ್ನ್ ಎಂಬ ತನ್ನ ಹಳ್ಳಿಯ ಹಕ್ಕಿ, ಹುಳು, ಹವೆಯನ್ನು ವರ್ಷಗಟ್ಟಲೆ ಬರೆದಿಟ್ಟ. 1789ರಲ್ಲಿ ಪ್ರಕಟವಾದ ಅವನ ಪುಸ್ತಕವನ್ನು ಜನ ಇಂದಿಗೂ ಓದುತ್ತಾರೆ.

ಪಾಸಿನ ಬೆಲೆ

ಈಚಿನ ವರ್ಷಗಳಲ್ಲಿ ದೇವರಮನೆಯ ಹೆಸರು ಮೊಬೈಲಿನ ಚಿತ್ರಗಳ ಮೂಲಕ ಎಲ್ಲೆಡೆ ಹಬ್ಬಿದೆ. ಮಳೆಗಾಲದ ಶನಿವಾರ, ಭಾನುವಾರ ವಾಹನಗಳ ಸಾಲು ಬೆಳೆಯುತ್ತದೆ. ಗುಡಿಯ ಬಳಿಯೇ ಜೋರು ಸಂಗೀತ, ರಸ್ತೆಯಲ್ಲಿ ಕುಣಿತ, ಹುಲ್ಲಿನಲ್ಲಿ ಬಾಟಲಿಯ ಚೂರು. ಇದನ್ನು ಕಂಡು ಊರಿನ ಜೋಡಿಗಳು ರಜಾದಿನ ಇತ್ತ ಬರುವುದನ್ನೇ ಬಿಡುವಂತಾಗುತ್ತದೆ. ಹಾನಿ ಆಗುವುದು ಇಲ್ಲಿಯೇ. ನಿನ್ನೆ ಹೇಗಿತ್ತೆಂದು ಬಲ್ಲವರು ಬಾರದೆ ಹೋದರೆ ಇಂದು ಕೆಟ್ಟದ್ದನ್ನು ಗುರುತಿಸುವವರು ಯಾರು? ಮೊದಲ ಸಲ ಬಂದವರಿಗೆ ಕೆಂಪು ಕೊರಕಲೂ ಸಹಜವಾಗಿಯೇ ಕಾಣುತ್ತದೆ.

ಮುಳ್ಳಯ್ಯನಗಿರಿ ಕಡೆಯ ದಟ್ಟಣೆ ತಡೆಯಲು ಜಿಲ್ಲಾಡಳಿತ 2025ರಲ್ಲಿ ಮುಂಗಡ ನೋಂದಣಿ ತಂದು ವಾಹನಗಳಿಗೆ ಮಿತಿ ಹಾಕಿತು. ಕ್ಯಾಲಿಫೋರ್ನಿಯದ ಪಾರ್ಕು ಕಲಿತ ಪಾಠವನ್ನು ಗಿರಿಗಳೂ ಕಲಿಯಬೇಕಾಯಿತು. ಆದರೆ ಪಾರ್ಕಿನಲ್ಲಿ ಕೆಟ್ಟ ಯಂತ್ರವನ್ನು ರಾತ್ರೋರಾತ್ರಿ ರಿಪೇರಿ ಮಾಡಬಹುದು, ಕಸ ಗುಡಿಸಲು ಸಂಬಳದ ಜನರಿದ್ದಾರೆ. ಗುಡ್ಡಕ್ಕೆ ಅಂಥ ಅನುಕೂಲವಿಲ್ಲ. ಜಾರಿಹೋದ ಮಣ್ಣು ಮರಳಿ ಕೂಡಲು ಮನುಷ್ಯನ ಆಯುಷ್ಯ ಸಾಲದು. ಆದ್ದರಿಂದ ಹತ್ತಿರದವರ ಪಾಸು ಬಿಟ್ಟಿಯೆಂದು ಕಂಡರೂ ಬಿಟ್ಟಿಯಲ್ಲ. ಎಚ್ಚರದಿಂದ ನೋಡುತ್ತಿರುವುದೇ ಅದರ ಬೆಲೆ.

ಮಕ್ಕಳಿಗೊಂದು ಗುಡ್ಡ

ತಂದೆ ತಾಯಿಯರು ಮಕ್ಕಳಿಗೆ ವರ್ಷಕ್ಕೊಂದು ಹೊಸ ಊರು ತೋರಿಸುವುದು ಒಳ್ಳೆಯದೇ. ಅದರ ಜೊತೆಗೆ ಮತ್ತೆ ಮತ್ತೆ ಹೋಗಬಹುದಾದ ಒಂದು ಹತ್ತಿರದ ಜಾಗವನ್ನೂ ಕೊಟ್ಟರೆ ಅದು ಜೀವನದುದ್ದಕ್ಕೂ ಉಳಿಯುವ ಆಸ್ತಿ. ಎಲ್ಲರಿಗೂ ದೇವರಮನೆ ಸಿಗಬೇಕೆಂದಿಲ್ಲ; ಊರ ಕೆರೆ, ಹಳೆಯ ಕೋಟೆ, ಒಂದು ಆಲದ ಮರವಾದರೂ ಸಾಕು. ತಿಂಗಳಿಗೊಮ್ಮೆ ಹೋಗಿ, ಎರಡು ರೂಲಿನ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ನಾಲ್ಕು ಸಾಲು ಬರೆದರೆ ಆಯಿತು. ನೀರು ಎಲ್ಲಿಯವರೆಗೆ ಇತ್ತು, ಯಾವ ಹೂ ಅರಳಿತ್ತು, ಯಾವ ಹಕ್ಕಿ ಕೂಗಿತು ಎಂದು ದಾಖಲಿಸಿದರೆ ಸಾಕು. ಐದು ವರ್ಷ ಕಳೆದ ಮೇಲೆ ಆ ನೋಟ್‌ಬುಕ್ ಯಾವ ಪಠ್ಯಪುಸ್ತಕದಲ್ಲೂ ಸಿಗದ ವಿಷಯ ಹೇಳುತ್ತದೆ.

ದೇವರಮನೆಗೆ ಹೊರಡುವವರು ಮೂಡಿಗೆರೆಯಲ್ಲಿಯೇ ಊಟ, ತಿಂಡಿ, ವಾಹನದ ಇಂಧನದ ವ್ಯವಸ್ಥೆ ಮಾಡಿಕೊಳ್ಳುವುದು ಲೇಸು. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಸುಮಾರು 30 ಕಿಲೋಮೀಟರು. ಅಲ್ಲಿಂದ ಗುತ್ತಿಯ ದಾರಿ ಹಿಡಿಯಬೇಕು. ಮಳೆಗಾಲದಲ್ಲಿ ಕೊಡೆಗಿಂತ ರೇನ್‌ಕೋಟು ವಾಸಿ, ಏಕೆಂದರೆ ಗಾಳಿ ಕೊಡೆಯನ್ನು ಮಗುಚಿ ಹಾಕುತ್ತದೆ. ಜಿಗಣೆಗಳಿಗೆ ಹೆದರಬೇಕಾಗಿಲ್ಲ, ಉಪ್ಪು ಜೊತೆಗಿರಲಿ. ಇದು ಆನೆಗಳು ತಿರುಗಾಡುವ ಸೀಮೆಯಾದ್ದರಿಂದ ಕತ್ತಲಾಗುವ ಮೊದಲೇ ಹಿಂತಿರುಗಬೇಕು. ವಾಹನವನ್ನು ಹುಲ್ಲಿಗೆ ಇಳಿಸಬಾರದು. ತಂದ ಪೊಟ್ಟಣ, ಬಾಟಲಿಗಳನ್ನು ಮರಳಿ ಒಯ್ಯಬೇಕು.

ಮೊದಲ ಸಲ ಮಂಜಿನಲ್ಲಿ ಏನೂ ಕಾಣದಿದ್ದರೆ ಬೇಸರ ಬೇಡ. ಭೈರವನ ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ಇನ್ನೊಮ್ಮೆ ಬಂದರಾಯಿತು.