ಪಾಚಿ ಹಿಡಿದ ಕಡಲು

ಹವಳವೆಂದರೆ ನಮ್ಮ ಕಡೆಯ ಹೆಂಗಸರಿಗೆ ತಾಳಿಯ ಪಕ್ಕದಲ್ಲಿ ಪೋಣಿಸಿದ ಕೆಂಪು ಮಣಿ. ಅಕ್ಕಸಾಲಿಗನು ತೂಗಿ ಕೊಡುವ ಪದಾರ್ಥ. ಅದಕ್ಕೂ ಬಾಯಿಯುಂಟು, ಹೊಟ್ಟೆಯುಂಟು, ಅದು ಹಗಲು ಅರಳಿ ರಾತ್ರಿ ಮುದುಡುವುದುಂಟು ಎಂದರೆ ನಂಬುವವರು ಕಡಮೆ. ಆದರೆ ಮೈಸೂರಿನಿಂದ ಹೋಗಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಎಂಜಿನಿಯರ್ ಗೃಹಸ್ಥನೊಬ್ಬನ ಮನೆಯಲ್ಲಿ, ನಡುಮನೆಗೂ ಅಡಿಗೆಮನೆಗೂ ನಡುವೆ, ಅಂಥ ಜೀವಂತ ಹವಳಗಳ ಒಂದು ಪುಟ್ಟ ಕಡಲೇ ಇತ್ತು.

ಪುಟ್ಟದೆಂದರೆ ಪುಟ್ಟದೇ. 20 ಗ್ಯಾಲನ್ನಿನ ಗಾಜಿನ ತೊಟ್ಟಿ. ನಮ್ಮ ಲೆಕ್ಕದಲ್ಲಿ ಸುಮಾರು 75 ಲೀಟರು. ಲೀಟರಿಗೆ 35 ಗ್ರಾಂ ಉಪ್ಪು, 25-26 ಡಿಗ್ರಿ ಶಾಖ, ತಲೆಯ ಮೇಲೆ ನೀಲಿ ಛಾಯೆಯ ದೀಪ. ಮಗಳ ಹನ್ನೆರಡನೆಯ ಹುಟ್ಟುಹಬ್ಬಕ್ಕೆಂದು ತಂದದ್ದು. ಕಿತ್ತಳೆ ಬಣ್ಣಕ್ಕೆ ಬಿಳಿಯ ಪಟ್ಟೆಯಿರುವ ಎರಡು ಕ್ಲೌನ್ ಮೀನುಗಳು ಅದರ ಯಜಮಾನರು. ಯಜಮಾನಿ ಎಂದರೇ ಸರಿ. ಈ ಜಾತಿಯಲ್ಲಿ ಹುಟ್ಟುವಾಗ ಎಲ್ಲವೂ ಗಂಡು, ಜೋಡಿಯಲ್ಲಿ ದೊಡ್ಡದಾದದ್ದು ಹೆಣ್ಣಾಗಿ ಮಾರ್ಪಟ್ಟು ದರ್ಬಾರು ನಡೆಸುತ್ತದೆ. ಬಂಡೆಯ ಮೇಲೆ ಅಂಗಿಯ ಗುಂಡಿಯಷ್ಟಗಲದ ಹೂಗಳಂತೆ ಅರಳುವ ಝೋಆಂತಿಡ್‌ಗಳ ಒಂದು ಹಾಸು. ಪಕ್ಕದಲ್ಲಿ ಸುತ್ತಿಗೆಯ ತಲೆಯಂಥ ತುದಿಗಳುಳ್ಳ ಬೆರಳುಗಳನ್ನು ಬೀಸುವ, ಅಲ್ಲಿನವರು ಹ್ಯಾಮರ್ ಎಂದು ಕರೆಯುವ ಹವಳ. ನಮ್ಮ ದೇಶದಲ್ಲಿ ಈ ವಿನೋದಕ್ಕೆ ಅವಕಾಶವಿಲ್ಲ. ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಎಂದರೆ ಹುಲಿಯ ಸಾಲಿಗೆ, ಸೇರಿಸಿದರು. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳವಿದೆ. ಮುಳುಗಿ ನೋಡಿ ಬರಬಹುದು, ಮುರಿದು ತರಲಾಗದು. ಅಲ್ಲಿಯಾದರೋ ತೊಟ್ಟಿಯಲ್ಲೇ ಬೆಳೆದ ಹವಳದ ತುಣುಕನ್ನು, ನಾವು ದಾಸವಾಳದ ಕಡ್ಡಿ ಹಂಚಿಕೊಳ್ಳುವಂತೆ, ಒಬ್ಬರಿಂದೊಬ್ಬರು ಪಡೆಯುತ್ತಾರೆ.

ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಒಂದು ರಾತ್ರಿ ಮೈಸೂರಿನಿಂದ ಫೋನು ಬಂದಿತು: ತಂದೆಗೆ ಬಹಳ ಕಾಯಿಲೆ, ತಡಮಾಡಬೇಡ. ಗೃಹಸ್ಥನು ಸಿಕ್ಕ ವಿಮಾನ ಹತ್ತಿದನು. ಹೊರಡುವ ಗಡಿಬಿಡಿಯಲ್ಲಿ ಮಗಳಿಗೆ ಹೇಳಿದ್ದು ಎರಡೇ ಮಾತು: “ಮೀನುಗಳು ಹಸಿದಿರಬಾರದಮ್ಮ. ನೀರು ಕಡಮೆಯಾದರೆ ತುಂಬಿಸು.”

ಹೋದವನು ಮರಳಿದ್ದು 48 ದಿನಗಳ ಮೇಲೆ. ತಂದೆ ಉಳಿಯಲಿಲ್ಲ. ಕರ್ಮಾಂತರಗಳು ಮುಗಿದು, ಮನೆಗೆ ಬೀಗ ಹಾಕಿ, ತಾಯಿಯನ್ನು ಜೊತೆಯಲ್ಲಿ ಕರೆದುಕೊಂಡು ಬಂದನು. ಬಾಗಿಲು ದಾಟಿದೊಡನೆ ಕಣ್ಣಿಗೆ ಬಿದ್ದದ್ದು ತೊಟ್ಟಿ. ತೊಟ್ಟಿಯೆಲ್ಲಿ? ಒಂದು ಹಸಿರು ಕಂಬಳಿ. ಬಂಡೆಯೂ ಹವಳವೂ ಒಂದೇ ಎಂಬಂತೆ ಬೆರಳುದ್ದದ ಕೂದಲಿನಂಥ ಪಾಚಿ ಎಲ್ಲವನ್ನೂ ಮುಚ್ಚಿತ್ತು. ಗಾಜಿನ ಮೇಲೆ ಹಸಿರು, ಮರಳಿನ ಮೇಲೆ ಹಸಿರು. ಅದರ ನಡುವೆ ಎರಡು ಮೀನುಗಳು, ಪಾಪ, ದುಂಡಗೆ ಬೆಳೆದು ಓಡಾಡುತ್ತಿದ್ದವು.

ದುಃಖವು ಮನುಷ್ಯನಲ್ಲಿ ಯಾವ ಬಾಗಿಲಿನಿಂದ ಹೊರಬೀಳುತ್ತದೆಂದು ಹೇಳಲಾಗದು. ತಂದೆಯ ಚಿತೆಯ ಮುಂದೆ ಸುಮ್ಮನೆ ನಿಂತಿದ್ದವನು ಪಾಚಿಯ ಮುಂದೆ ಕೂಗಾಡಿದನು. “ಇಷ್ಟು ಸಣ್ಣ ಕೆಲಸ ನಿನ್ನ ಕೈಲಿ ಆಗಲಿಲ್ಲವಾ? ಎಲ್ಲಾ ಸತ್ತುಹೋಯಿತಲ್ಲ!” ಹುಡುಗಿ ಉತ್ತರ ಕೊಡಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಾಯಿ ಮಾತ್ರ ಪ್ರಯಾಣದ ಸೀರೆಯಲ್ಲೇ ತೊಟ್ಟಿಯ ಮುಂದೆ ಕುರ್ಚಿ ಎಳೆದು ಕುಳಿತಳು. ಬಹಳ ಹೊತ್ತು ನೋಡಿ, “ಇದು ಹಾವಸೆ ಕಣೋ,” ಎಂದಳು. “ಕಲ್ಯಾಣಿಯಲ್ಲಿ ಜನ ಅನ್ನ ಚೆಲ್ಲಿ ಚೆಲ್ಲಿ ಹೀಗೇ ಆಗೋದು. ಮಗು ಇದಕ್ಕೆ ಎಷ್ಟು ಹೊತ್ತು ಊಟ ಹಾಕುತ್ತಿತ್ತು, ಕೇಳಿದೆಯಾ?”

ಕೇಳಿರಲಿಲ್ಲ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಒಂದು ನೋಟ್‌ಪುಸ್ತಕ ಸಿಕ್ಕಿತು. ದಿನಕ್ಕೆ ಮೂರು ಸಾಲು, ಗಂಟೆ ನಿಮಿಷಗಳ ಸಮೇತ: ಬೆಳಿಗ್ಗೆ ಏಳು, ಶಾಲೆಯಿಂದ ಬಂದಮೇಲೆ ನಾಲ್ಕು, ಮಲಗುವ ಮುನ್ನ ಒಂಬತ್ತು. ಒಂದು ದಿನವೂ ತಪ್ಪಿರಲಿಲ್ಲ. ದಿನಕ್ಕೊಂದು ಚಿಟಿಕೆ ಸಾಕಾದ ಮೀನುಗಳಿಗೆ 144 ಊಟ! ನಡುವೆ ಒಂದು ಕಡೆ ಇಂಗ್ಲಿಷಿನಲ್ಲಿ ಬರೆದಿತ್ತು: ‘ಇಂದು ಅಪ್ಪನ ಫೋನು ಬರಲಿಲ್ಲ. ಸ್ವಲ್ಪ ಜಾಸ್ತಿ ಹಾಕಿದೆ.’ ಗೃಹಸ್ಥನು ಆ ಪುಟವನ್ನು ಎಷ್ಟು ಹೊತ್ತು ಹಿಡಿದುಕೊಂಡಿದ್ದನೆಂಬುದನ್ನು ಅಡಿಗೆಮನೆಯಿಂದ ಹೆಂಡತಿ ನೋಡಿದಳು, ಏನೂ ಹೇಳಲಿಲ್ಲ.

ಲೆಕ್ಕ ಅಲ್ಲಿಗೆ ಬಗೆಹರಿಯಿತು. ಮೀನು ತಿಂದುಳಿದದ್ದೂ ವಿಸರ್ಜಿಸಿದ್ದೂ ಕೊಳೆತು ಅಮೋನಿಯವಾಗುತ್ತದೆ. ಬಂಡೆಯ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡಿ, ಅನಂತರ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಪಾಚಿಗೆ ಗೊಬ್ಬರ. ಆಹಾರದಲ್ಲಿನ ಫಾಸ್ಫೇಟ್ ಇನ್ನೊಂದು ಗೊಬ್ಬರ. ಸಾಲದುದಕ್ಕೆ ಆವಿಯಾದ ನೀರಿನ ಬದಲು ಹುಡುಗಿ ಸುರಿದದ್ದು ನಲ್ಲಿಯ ನೀರು. ಅಮೆರಿಕದ ಅನೇಕ ಊರುಗಳಲ್ಲಿ ಕೊಳವೆಯ ಸೀಸ ನೀರಿಗಿಳಿಯದಿರಲೆಂದು ಅದರಲ್ಲಿ ಫಾಸ್ಫೇಟನ್ನೇ ಬೆರೆಸುತ್ತಾರೆ. ಮನುಷ್ಯನಿಗೆ ಕ್ಷೇಮ, ಹವಳಕ್ಕೆ ಕಂಟಕ. ಹವಳವು ಬದುಕುವುದೂ ಒಂದು ಬಗೆಯ ಪಾಚಿಯಿಂದಲೇ ಎಂಬುದು ಇಲ್ಲಿನ ವಿಚಿತ್ರ. ಅದರ ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಕಣಗಳು ಒಕ್ಕಲಿದ್ದು, ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಬಾಡಿಗೆ ಸಲ್ಲಿಸುತ್ತವೆ. ಹೊರಗಿನ ಪಾಚಿ ಬೆಳಕನ್ನು ಮುಚ್ಚಿದರೆ ಒಳಗಿನ ಒಕ್ಕಲು ಉಪವಾಸ, ಅದರೊಂದಿಗೆ ಮನೆಯೊಡೆಯನೂ.

ಹುಡುಗಿಯೊಬ್ಬಳ ತಪ್ಪಿನಿಂದ ಕೈಯಳತೆಯ ತೊಟ್ಟಿಗೆ ಬಂದ ಗತಿ ನಿಜವಾದ ಕಡಲಿಗೂ ಬಂದದ್ದುಂಟು. 1983ರಲ್ಲಿ ಪನಾಮದ ಬಳಿ ಕಾಣಿಸಿಕೊಂಡ ರೋಗವೊಂದು ಕೆರಿಬಿಯನ್ ಸಮುದ್ರದ ಉದ್ದಕ್ಕೂ ಹಬ್ಬಿ, ಪಾಚಿಯನ್ನು ಮೇಯುತ್ತಿದ್ದ ನೀಳ ಮುಳ್ಳಿನ ಕರಿಯ ಸೀ ಅರ್ಚಿನ್ ಎಂಬ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಕೊಂದಿತು. ಜಮೈಕದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಬಲೆಗಾರರು ಮೊದಲೇ ಬರಿದು ಮಾಡಿದ್ದರು. 1970ರ ದಶಕದ ಕೊನೆಯಲ್ಲಿ ತಳದ ಅರ್ಧಕ್ಕಿಂತ ಹೆಚ್ಚು ಭಾಗ ಜೀವಂತ ಹವಳವಿದ್ದ ಕಡೆ, 1990ರ ದಶಕದ ಮೊದಲಿಗೆ ನೂರಕ್ಕೆ ಐದೂ ಉಳಿಯಲಿಲ್ಲ. ಅಲ್ಲಿ ಬೈಯಲು ಮಗಳೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಪುನರ್ನಿರ್ಮಾಣ ಆರಂಭವಾಯಿತು. ಹಿಂದಿನ ರಾತ್ರಿ ಗೃಹಸ್ಥನು ಶೋಧಿಸಿದ ನೀರಿಗೆ ಎರಡು ಕಿಲೋ ಮೀರಿದ ಕಡಲುಪ್ಪನ್ನು ಸುರಿಯುತ್ತಿದ್ದಾಗ, “ಅಯ್ಯೋ, ಉಪ್ಪಿನಕಾಯಿ ಜಾಡಿಗೂ ಇಷ್ಟು ಹಾಕಲ್ಲವಲ್ಲಪ್ಪಾ!” ಎಂದು ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮೂರು ಬಕೀಟುಗಳು ಸಾಲಾದವು: ಒಂದರಲ್ಲಿ ಮೀನು, ಒಂದರಲ್ಲಿ ಹವಳ, ಒಂದರಲ್ಲಿ ಬಂಡೆ. ಮೊದಲೆರಡಕ್ಕೆ ಬಿಸಿಮಾಡುವ ಕಡ್ಡಿ. ಬಂಡೆಯನ್ನು ನಲ್ಲಿಯ ಕೆಳಗೆ ಉಜ್ಜಿದರೆ ಬೇಗ ಮುಗಿಯುತ್ತಿತ್ತು. ಆದರೆ ಅದರಲ್ಲಿರುವ ಕ್ಲೋರಿನು ಪಾಚಿಯ ಜೊತೆಗೆ ಬ್ಯಾಕ್ಟೀರಿಯಗಳನ್ನೂ ಕೊಂದರೆ ಮತ್ತೆ ಮೊದಲಿಂದ ಅಮೋನಿಯದ ಕಾಟ. ಆದ್ದರಿಂದ ತೊಟ್ಟಿಯಿಂದ ತೆಗೆದ ಹಳೆಯ ಉಪ್ಪುನೀರಿನಲ್ಲೇ, ಹಲ್ಲುಜ್ಜುವ ಬ್ರಷ್ಷಿನಿಂದ, ಒಂದೊಂದೇ.

ತಾಯಿ ಸುಮ್ಮನೆ ಕೂರುವವಳಲ್ಲ. ಮಣೆಯಿಲ್ಲದ ಮನೆಯಲ್ಲಿ ಮಡಿಸಿದ ಕಂಬಳಿಯ ಮೇಲೆ ಕುಳಿತು ಬಂಡೆಯೊಂದನ್ನು ಎತ್ತಿಕೊಂಡಳು. ಝೋಆಂತಿಡ್‌ಗಳಲ್ಲಿ ಕೆಲವಕ್ಕೆ ಕಡುವಿಷವಿದೆ, ಕೈಗವಸು ಬೇಕೇ ಬೇಕು ಎಂದು ಮಗನು ಹಟ ಹಿಡಿದನು. “ಗವಸು ಹಾಕಿಕೊಂಡರೆ ಬೆರಳಿಗೆ ಹೇಗೋ ಗೊತ್ತಾಗುತ್ತೆ?” ಎಂದು ಗೊಣಗಿ ಹಾಕಿಕೊಂಡಳು. ಆಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುವವಳ ತಾಳ್ಮೆಯಿಂದ ಹವಳಗಳ ನಡುವಿನ ಪಾಚಿಯನ್ನು ಎಳೆಎಳೆಯಾಗಿ ಕಿತ್ತಳು. ಮಧ್ಯಾಹ್ನದ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಮೊಮ್ಮಗಳು ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತು ಇನ್ನೊಂದು ಬ್ರಷ್ಷು ತೆಗೆದುಕೊಂಡಳು.

“ಇದು ಹವಳ, ಅಜ್ಜಿ.”

“ಹೌದೇ? ಕೆಂಪಗಿಲ್ಲವಲ್ಲ!”

ಐವತ್ತು ವರ್ಷ ಆಕೆಯ ಕೊರಳಿನಲ್ಲಿದ್ದ ಎರಡು ಹವಳದ ಮಣಿಗಳು ಈಗ ಇರಲಿಲ್ಲ. ಬರಿಗೊರಳನ್ನು ಒಮ್ಮೆ ಮುಟ್ಟಿಕೊಂಡು ಮತ್ತೆ ಕೆಲಸಕ್ಕೆ ತೊಡಗಿದಳು.

ಹ್ಯಾಮರ್ ಹವಳವು ಉಳಿದಿರಲಿಲ್ಲ. ಪಾಚಿ ಕಿತ್ತಾಗ ಬಿಳಿಯ ಅಸ್ಥಿ ಮಾತ್ರ ಕಂಡಿತು. ಹುಡುಗಿಯ ಕಣ್ಣು ತುಂಬಿತು. ತಂದೆಯು, “ನಾನು ಹೇಳಿದ್ದೇ ತಪ್ಪು. ಎಷ್ಟು ಸಲ ಅಂತ ಹೇಳಲಿಲ್ಲ,” ಎಂದನು, ಬಕೀಟಿನ ಕಡೆ ನೋಡುತ್ತಲೇ. ನಮ್ಮ ತಂದೆಯಂದಿರ ಕ್ಷಮಾಪಣೆ ಬಹುಮಟ್ಟಿಗೆ ಇಷ್ಟೇ ಉದ್ದ.

ಹಳೆಯ ಮರಳನ್ನು ಎಸೆದು ಹೊಸದನ್ನು ಹಾಸಿದರು. ದೀಪವನ್ನು ದಿನಕ್ಕೆ ಆರು ಗಂಟೆಗೆ ಇಳಿಸಿದರು. ಪಾಚಿ ಮೇಯಲು ಕಡಲಿನ ಐದು ಬಸವನಹುಳುಗಳನ್ನು ತಂದರು. ಇದೇನೂ ಹೊಸ ಉಪಾಯವಲ್ಲ. 1846ರಲ್ಲಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿಯಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ಒಯ್ದು ಮನೆಯಲ್ಲಿ ಸಾಕಿದಾಗ, ನೀರಿಗೆ ಗಾಳಿ ಸೇರಿಸಲು ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ಅದನ್ನು ಪಾತ್ರೆಯಿಂದ ಪಾತ್ರೆಗೆ ಹುಯ್ಯಬೇಕಾಗಿತ್ತು; ಕೀರ್ತಿ ಯಜಮಾನಿಗೆ ಬಂದಿತು, ರಟ್ಟೆನೋವು ಕೆಲಸದವಳಿಗೆ. ಆಮೇಲೆ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ತನ್ನ ಸಿಹಿನೀರಿನ ತೊಟ್ಟಿ ಕೊಳೆತ ಎಲೆಯಿಂದಲೂ ಹಸಿರು ಲೋಳೆಯಿಂದಲೂ ಕೆಟ್ಟಾಗ ಕೊಳದ ಬಸವನಹುಳುಗಳನ್ನು ಬಿಟ್ಟು ನೀರನ್ನು ತಿಳಿಮಾಡಿದನು.

ಮೂರನೆಯ ವಾರ ಹೊಸ ಮರಳಿನ ಮೇಲೆ ಕಂದುಬಣ್ಣದ ಪುಡಿ ಕವಿಯಿತು. ಹುಡುಗಿ ಹೆದರಿದಳು. ಅದು ಡಯಾಟಮ್, ಹೊಸ ತೊಟ್ಟಿಗೆ ಬರುವ ಬಾಲಗ್ರಹ, ತಾನಾಗಿ ಹೋಗುತ್ತದೆ ಎಂದು ತಂದೆ ಸಮಾಧಾನ ಹೇಳಿದನು. ಹೋಯಿತು. ಹಸಿರು ಪಾಚಿ ಮಾತ್ರ ಹಟಮಾರಿ. ಸುಣ್ಣದ ಬಂಡೆ ಹೀರಿಕೊಂಡ ಫಾಸ್ಫೇಟನ್ನು ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತದೆ. ಹಿಂಬದಿಯ ಮೂಲೆಯಲ್ಲಿ ಆಗಾಗ ಒಂದು ಕುಚ್ಚು ತಲೆಯೆತ್ತುತ್ತಿತ್ತು. ಪ್ರತಿ ಭಾನುವಾರ ಹತ್ತು ಲೀಟರು ನೀರು ಬದಲಾಯಿಸುವುದು, ಕುಚ್ಚು ಕೀಳುವುದು. ಎರಡನೆಯ ತಿಂಗಳಿನ ಕೊನೆಗೆ, ಉಳಿದಿದ್ದ ಒಂಬತ್ತು ಝೋಆಂತಿಡ್ ಹೂಗಳ ಪಕ್ಕದಲ್ಲಿ ಹತ್ತನೆಯದು ಮೊಗ್ಗಾಯಿತು. ಸತ್ತ ಹವಳದ ಬಿಳಿಯ ಅಸ್ಥಿಯನ್ನು ಹುಡುಗಿ ಎಸೆಯಗೊಡಲಿಲ್ಲ. ಅದರ ಸಂದಿನಲ್ಲಿ ಬಸವನಹುಳುವೊಂದು ಬಿಡಾರ ಮಾಡಿತು.

ಬೇಸಗೆಯಲ್ಲಿ ಶಾಲೆಯವರು ಮಕ್ಕಳನ್ನು ಮೂರು ದಿನ ಶಿಬಿರಕ್ಕೆ ಕರೆದೊಯ್ದರು. ಹಿಂದಿರುಗಿದವಳೇ ಮೊಮ್ಮಗಳು ನೋಟ್‌ಪುಸ್ತಕ ತೆರೆದಳು. ಮೂರು ದಿನವೂ ಭರ್ತಿಯಾಗಿತ್ತು. ಆದರೆ ಕನ್ನಡದಲ್ಲಿ, ದುಂಡಗಿನ ಹಳೆಯ ಕೈಬರಹದಲ್ಲಿ. ಅವಳಿಗೆ ಓದಲು ಬಾರದು. ತಂದೆಯ ಬಳಿಗೆ ಒಯ್ದಳು. ಅವನು ಕನ್ನಡಕ ಏರಿಸಿಕೊಂಡು ಓದಿ ಹೇಳಿದನು:

“ಬೆಳಿಗ್ಗೆ ಒಂದು ಚಿಟಿಕೆ ಹಾಕಿದೆ. ಸಂಜೆ ಗಾಜಿನ ಹತ್ತಿರ ಬಂದು ಬಹಳ ಕೇಳಿದವು. ಕೊಡಲಿಲ್ಲ.”